ದುಖೈಲ್ ಕೆಳಗಿಟ್ಟ ಕಾಫಿ

ಮಂತ್ರಿಗಳ ಮೊಣಕೈ ಪಕ್ಕ ಸುಡುವ ಕಾಫಿ ಹಿಡಿದು ನಿಲ್ಲೋದಕ್ಕೆ ಯೋಗ್ಯನಾದ ಮನುಷ್ಯ, ಸಾಯುತ್ತಿರುವ ಅಕ್ಕನ ಮುಖ ನೋಡೋದಕ್ಕೆ ಯೋಗ್ಯನಲ್ಲವಂತೆ. ಇದು ಯಾವ ಊರಿನ ನ್ಯಾಯ ಅಂತ ಕೇಳಿದರೆ ಆರು ದೇಶಗಳ ನ್ಯಾಯ ಅಂತಲೇ ಹೇಳಬೇಕು, ಯಾಕೆಂದರೆ ಆರೂ ದೇಶದವರು ಕೂತು ಸಹಿ ಹಾಕಿದ್ದು. ಆ ಸಹಿ ಬೀಳುವ ಹೊತ್ತಿಗೆ ಅವರಿಗೆಲ್ಲ ಕಾಫಿ ಬಗ್ಗಿಸಿದವನೂ ಇದೇ ಮನುಷ್ಯ. ಕುವೈತಿನ ನಮ್ಮ ಜಹ್ರಾ ಊರಿನ ದುಖೈಲ್.

ದುಖೈಲ್ ಅಂತ ಹೆಸರು ಹಿಡಿದು ಕರೆಯುವವರು ಕಡಿಮೆ. ಮಗ ನಾಯಿಫ್ ಹುಟ್ಟಿದಾಗಿನಿಂದ ಎಲ್ಲರ ಬಾಯಲ್ಲೂ ಅಬೂ ನಾಯಿಫ್, ಅಂದರೆ ನಾಯಿಫನ ಅಪ್ಪ. ಇಪ್ಪತ್ತೊಂಬತ್ತು ವರ್ಷದಿಂದ ಕುವೈತ್ ನಗರದ ಒಂದು ಸಮ್ಮೇಳನ ಭವನದಲ್ಲಿ ಕಾಫಿ ಕೊಡುವ ಕೆಲಸ. ಕೊಡುವ ಕೆಲಸ ಅಂದರೆ ತಟ್ಟೆ ಹಿಡಿದು ಓಡಾಡೋದು ಅಂದುಕೊಳ್ಳಬೇಡಿ. ಎಡಗೈಯಲ್ಲಿ ಹಿತ್ತಾಳೆಯ ಕೊಕ್ಕಿನ ಹೂಜಿ, ಬಲಗೈಯಲ್ಲಿ ಒಂದರೊಳಗೊಂದು ಕೂರಿಸಿದ ಪುಟ್ಟ ಬಟ್ಟಲುಗಳು. ಕೈ ಅದಲುಬದಲಾದರೆ ಮರ್ಯಾದೆ ಹೋಯಿತು. ಬಟ್ಟಲು ತುಂಬ ಬಗ್ಗಿಸಿದರೆ 'ಕುಡಿದು ಜಾಗ ಖಾಲಿ ಮಾಡು' ಅಂದ ಹಾಗೆ. ತಳದಲ್ಲಿ ಎರಡು ಗುಟುಕು ಬಗ್ಗಿಸಬೇಕು, ಮುಗಿದರೆ ಮತ್ತೆ ಬಗ್ಗಿಸಬೇಕು, ಅತಿಥಿ ಬಟ್ಟಲನ್ನು ಅಲ್ಲಾಡಿಸಿ ಸಾಕು ಅನ್ನುವ ತನಕ ಎದುರಿನಿಂದ ಕದಲುವ ಹಾಗಿಲ್ಲ. ದುಖೈಲನ ಅಪ್ಪನೂ ಇದೇ ಕೆಲಸ ಮಾಡಿದವನು, ಡೇರೆಗಳ ಕಾಲದಲ್ಲಿ.

ಅದೇ ಭವನದಲ್ಲಿ ಚಹಾ ವಿಭಾಗ ನೋಡಿಕೊಳ್ಳುತ್ತಿದ್ದ ಈಜಿಪ್ಟಿನ ಸಲಾಹ್‌ಗೆ ಇದೆಲ್ಲ ತಮಾಷೆ. "ಅಬೂ ನಾಯಿಫ್, ನೀವು ಬಗ್ಗಿಸೋ ಅಷ್ಟು ಕಾಫಿ ನಮ್ಮೂರಲ್ಲಿ ಬೆಕ್ಕಿಗೂ ಸಾಲಲ್ಲ" ಅನ್ನುತ್ತಿದ್ದ.

"ನಿಮ್ಮೂರ ಬೆಕ್ಕು ಕೂತಲ್ಲಿ ಕೂರಲ್ಲ ಕಣೋ, ಅದಕ್ಕೆ. ಮನುಷ್ಯರಿಗೆ ಇಷ್ಟು ಸಾಕು."

ಆ ಭವನದಲ್ಲಿ ಭದ್ರತೆಯ ಸಭೆ ಅಂದರೆ ಎಲ್ಲಿಲ್ಲದ ಕಟ್ಟುನಿಟ್ಟು. ಒಳಗೆ ಹೋಗುವ ಮುಂಚೆ ಎರಡು ಕಡೆ ತಪಾಸಣೆ, ಫೋನು ಬೀರುವಿನಲ್ಲಿಟ್ಟು ಬೀಗ, ಮುಚ್ಚಳ ತೆಗೆದ ಹೂಜಿಯನ್ನು ಮೂಸಿ ನೋಡುವ ನಾಯಿ ಬೇರೆ. ಕುವೈತ್, ಸೌದಿ ಸೇರಿ ಕೊಲ್ಲಿಯ ಆರು ದೇಶಗಳ ಒಳಾಡಳಿತದ ಮಂತ್ರಿಗಳು, ಅವರ ಹಿಂದೆ ಅಧಿಕಾರಿಗಳ ದಂಡು. ಮೂವತ್ತು ಜನ ಕಾಫಿ ಕೊಡುವವರಲ್ಲಿ ಆ ಕೋಣೆಗೆ ಬಿಡುತ್ತಿದ್ದದ್ದು ದುಖೈಲನೊಬ್ಬನನ್ನೇ. ಯಾಕೆಂದರೆ ಕೇಳಿದ್ದನ್ನು ಹೆಂಡತಿಯ ಹತ್ತಿರವೂ ಬಾಯಿಬಿಡದ ಮನುಷ್ಯ.

ಒಂದು ಡಿಸೆಂಬರಿನಲ್ಲಿ ಅಲ್ಲೇ ಆ ಒಪ್ಪಂದ ಆಯಿತು. ಭಯೋತ್ಪಾದಕರ ವಿರುದ್ಧ ಆರೂ ದೇಶಗಳಿಗೆ ಒಂದೇ ಪಟ್ಟಿ. ಒಂದು ದೇಶ ಒಂದು ಹೆಸರು ಬರೆದರೆ ಆರೂ ದೇಶಗಳ ಬಾಗಿಲು ಒಟ್ಟಿಗೆ ಮುಚ್ಚಬೇಕು. ಒಪ್ಪಂದದ ಕೆಲಸವೆಲ್ಲ ಹೊತ್ತವರು ನಮ್ಮ ಕಡೆಯ ಹಿರಿಯ ಅಧಿಕಾರಿ ಅಬೂ ತಲಾಲ್. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಮಾತಿಗೆ ಮುಂಚೆ ನಗು, ಕೈಯಲ್ಲಿ ಸದಾ ಜಪಮಣಿ. ಸಹಿ ಆದ ಮೇಲೆ ಎಲ್ಲರೂ ಎದ್ದು ಮೂಗಿಗೆ ಮೂಗು ತಾಗಿಸಿ ಸಹೋದರ, ಸಹೋದರ ಅಂದರು. ದುಖೈಲನಿಗೂ ಮನಸ್ಸು ತುಂಬಿ ಬಂದಿತ್ತು, ಸುಳ್ಳು ಯಾಕೆ ಹೇಳಬೇಕು? ಅವನ ಚಿಕ್ಕಪ್ಪನ ಮಗ ಮಾರುಕಟ್ಟೆಯಲ್ಲಿ ಬಾಂಬಿಗೆ ಸಿಕ್ಕಿ ಎರಡೂ ಕಾಲು ಕಳಕೊಂಡು ಗಾಲಿಕುರ್ಚಿಯಲ್ಲಿದ್ದಾನೆ. ಆ ದಿನ ಮಾತ್ರ ತನ್ನ ನಿಯಮ ಮುರಿದು ಮನೆಗೆ ಬಂದು ಹೆಂಡತಿಗೆ ಹೇಳಿದ, "ಹೆಸ್ಸಾ, ಇನ್ನು ಆ ಹಾಳಾದವರಿಗೆ ಓಡೋಕೆ ಜಾಗ ಇಲ್ಲ."

ಹೆಸ್ಸಾ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಅವರು ಬಾಗಿಲಿಂದ ಬರ್ತಿದ್ರಾ ಮುಂಚೆ?" ಅಂದಳು.

ಫೆಬ್ರವರಿಯಲ್ಲಿ ಮಳೆ ಬಿದ್ದು ಮರಳುಗಾಡು ಹಸಿರಾಗುತ್ತಲೇ, ಎಲ್ಲರ ಹಾಗೆ ಇವರೂ ಸೌದಿ ಗಡಿಯ ಕಡೆ ಡೇರೆ ಹಾಕಿ ಎರಡು ವಾರ ಇದ್ದರು. ಒಂದು ಸಂಜೆ ಗಾಡಿ ಕೆಟ್ಟು ನಿಂತಿದೆ ಅಂತ ಒಬ್ಬ ಸಣಕಲು ಮನುಷ್ಯ ನಡಕೊಂಡು ಬಂದ. ದುಖೈಲ್ ಒಳಗೆ ಕರೆದ, ಕಾಫಿ ಕೊಟ್ಟ, ಕುರಿ ಕೊಯ್ದ. ಹೆಸರು ಕೇಳಲಿಲ್ಲ. ನಮ್ಮಲ್ಲಿ ಡೇರೆಗೆ ಬಂದವನನ್ನು ಮೂರು ದಿನ ಕಳೆಯುವ ತನಕ ಹೆಸರು, ಕುಲ, ಬಂದ ಕೆಲಸ ಯಾವುದನ್ನೂ ಕೇಳುವಂತಿಲ್ಲ. ಕೇಳಿದರೆ 'ನಿನಗೆ ಅನ್ನ ಹಾಕಲೋ ಬೇಡವೋ ಅಂತ ಯೋಚನೆ ಮಾಡ್ತಿದ್ದೀನಿ' ಅಂದ ಹಾಗೆ.

ಹೆಸ್ಸಾಗೆ ಅನುಮಾನ. "ಫೋನು ಬಂದ್ರೆ ಆ ಮನುಷ್ಯ ಡೇರೆ ಬಿಟ್ಟು ಅಷ್ಟು ದೂರ ಹೋಗ್ತಾನೆ. ಯಾರು ಅಂತ ಕೇಳ್ರೀ."

"ಮೂರು ದಿನ ಆಗ್ಲಿ ತಡಿಯೇ."

"ಮೂರು ದಿನ ಆದ್ಮೇಲೆ ಅವನೇ ಇರಲ್ಲ. ಡೇರೆ ಗೂಟಾನ ಕೇಳ್ತೀರಾ?"

ಅವಳು ಹೇಳಿದ ಹಾಗೇ ಆಯಿತು. ಮೂರನೇ ಬೆಳಗ್ಗೆ ಆತ ಗಾಡಿ ಸರಿಮಾಡಿಕೊಂಡು, ದೇವರು ನಿಮ್ಮ ಮನೆ ತುಂಬಿಸಲಿ ಅಂತ ಹೇಳಿ ಹೊರಟುಹೋದ.

ಮೇ ತಿಂಗಳಲ್ಲಿ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಗಡಿ ದಾಟಿಸಿ ಸ್ಫೋಟಕ ಸಾಗಿಸುವ ಗುಂಪಿನವನಂತೆ, ಸಿಕ್ಕಿಬಿದ್ದಿದ್ದಾನೆ. ದುಖೈಲ್ ಆ ಫೋಟೋವನ್ನು ಎರಡೆರಡು ಸಲ ನೋಡಿದ. ನನ್ನ ಡೇರೆಯಲ್ಲಿ, ನನ್ನ ಕಂಬಳಿ ಹೊದ್ದು ಮಲಗಿದವನು! ಎದ್ದು ತಲೆವಸ್ತ್ರ ಕಟ್ಟಿಕೊಂಡ, ಠಾಣೆಗೆ ಹೊರಟ. ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡುವ ನಾಯಿಫ್‌ಗೆ ಸರ್ಕಾರದ ದಾರಿಗಳು ಸ್ವಲ್ಪ ಗೊತ್ತು. ಅಪ್ಪನಿಗೆ ಅಡ್ಡ ನಿಂತ.

"ಅಪ್ಪ, ಸುಮ್ನಿರಿ. ನಿಮ್ಮನ್ನ ಯಾರು ಕೇಳಿದ್ರು?"

"ಯಾರೂ ಕೇಳ್ದೆ ಇದ್ರೆ ಹೇಳಬಾರದಾ? ನನ್ನ ಅತಿಥಿ ಜನ ಸಾಯಿಸೋಕೆ ಹೊರಟಿದ್ದ ಅಂದ್ರೆ ಆ ಮಾತು ನನ್ನ ಬಾಯಿಂದಲೇ ಬರಬೇಕು."

ಹೋಗಿ ಹೇಳಿದ. ಯಾವ ದಿನ ಬಂದ, ಯಾವ ಬಣ್ಣದ ಗಾಡಿ, ಯಾವ ಕಡೆ ಹೋದ, ಎಲ್ಲ. ಠಾಣೆಯವರು ಬರಕೊಂಡರು, ಚಹಾ ಕೊಟ್ಟರು, ಬಾಗಿಲ ತನಕ ಬಂದು ಕಳಿಸಿಕೊಟ್ಟರು. "ನಿಮ್ಮಂಥವರು ಇರೋದ್ರಿಂದ ದೇಶ ಉಳಿದಿದೆ, ಚಿಕ್ಕಪ್ಪ" ಅಂದನಂತೆ ಅಲ್ಲಿದ್ದ ಅಧಿಕಾರಿ. ಅದೇ ಬಾಯಿ, ಅದೇ ಕೈ! ದುಖೈಲ್ ಮನೆ ಮುಟ್ಟುವ ಮುಂಚೆ ಆ ಕೈ ಅವನ ಹೆಸರನ್ನು ಪಟ್ಟಿಗೆ ಸೇರಿಸಿ ಮುಗಿಸಿತ್ತು. ಭಯೋತ್ಪಾದಕನಿಗೆ ಆಶ್ರಯ ಕೊಟ್ಟವನು, ಮೂರು ದಿನ. ತಾನಾಗೇ ಬಂದು ಹೇಳಿದ ಅಂತ ಬರೆಯೋದಕ್ಕೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲವಂತೆ.

ಇದು ಅವನಿಗೆ ಗೊತ್ತಾಗಿದ್ದು ಅಕ್ಟೋಬರಿನಲ್ಲಿ. ಅಷ್ಟು ದಿನವೂ ಭವನಕ್ಕೆ ಹೋಗಿ ಬರುತ್ತಲೇ ಇದ್ದ. ಮಂತ್ರಿಗಳಿಗೆ ಕಾಫಿ ಕೊಡುತ್ತಲೇ ಇದ್ದ. ಒಳಗೆ ಬಿಡುವ ಪಟ್ಟಿ ಬೇರೆ ಮೇಜಿನದು, ಆಚೆ ಬಿಡದ ಪಟ್ಟಿ ಬೇರೆ ಮೇಜಿನದು. ಒಂದು ಮೇಜು ಇನ್ನೊಂದರ ಜತೆ ಮಾತಾಡಿದರೆ ಅಲ್ಲವೇ?

ಅಕ್ಟೋಬರಿನಲ್ಲಿ ಗಡಿಯಾಚೆ ಸೌದಿಯ ಹಫರ್ ಊರಿನಿಂದ ಅಕ್ಕನ ಮಗ ಫವಾಜ್ ಫೋನು ಮಾಡಿದ. "ಮಾವ, ಅಮ್ಮಂಗೆ ಲಿವರ್ ಕೆಟ್ಟಿದೆ. ಆಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದ್ಬಿಟ್ರು. ಊಟ ಬಿಟ್ಟಿದಾಳೆ. ಬಾಯಿ ತೆಗೆದ್ರೆ ನಿಮ್ಮದೇ ಜಪ."

ಈ ಅಕ್ಕ ನುವೈರ್ ಅವನಿಗೆ ಬರೀ ಅಕ್ಕ ಅಲ್ಲ. ಅವನು ಎರಡು ವರ್ಷದ ಕೂಸಾಗಿದ್ದಾಗ ತಾಯಿ ತೀರಿಕೊಂಡಳು. ಹದಿನಾಲ್ಕರ ನುವೈರ್ ಅವನನ್ನು ಸೊಂಟಕ್ಕೆ ಕಟ್ಟಿಕೊಂಡು ಆಡು ಮೇಯಿಸಿದಳು, ಆಡಿನ ಹಾಲು ಕುಡಿಸಿದಳು, ಬಂದ ಗಂಡುಗಳನ್ನೆಲ್ಲ "ಇವನಿಗೆ ಹತ್ತು ತುಂಬಲಿ" ಅಂತ ವಾಪಸು ಕಳಿಸಿದಳು. ಇಪ್ಪತ್ತೆರಡು ಆದ ಮೇಲೆ, ಅದೂ ಜನ ಆಡಿಕೊಳ್ಳುವಷ್ಟು ತಡವಾಗಿ, ಹಫರಿಗೆ ಮದುವೆಯಾಗಿ ಹೋದಳು. ಜಹ್ರಾದಿಂದ ಹಫರಿಗೆ ಗಾಡಿಯಲ್ಲಿ ಎರಡು ತಾಸು. ಬೇಸಿಗೆ ಕಳೆಯಲಿ ಹೋದರಾಯಿತು ಅಂತ ಅವನು ಕೂತಿದ್ದ.

ಆ ದಿನವೇ ಹೊರಟ. ನಮ್ಮ ಕಡೆಯ ಗಡಿ ಠಾಣೆಯಲ್ಲಿ ಮುದ್ರೆ ಒತ್ತಿ ಕಳಿಸಿದರು. ಆಚೆ ಕಡೆಯ ಠಾಣೆಯಲ್ಲಿ ಚಿಗುರುಮೀಸೆಯ ಸಿಪಾಯಿ ಪರದೆ ನೋಡಿದ, ಇವನ ಮುಖ ನೋಡಿದ, ಮತ್ತೆ ಪರದೆ ನೋಡಿದ.

"ಚಿಕ್ಕಪ್ಪ, ಗಾಡಿ ಪಕ್ಕಕ್ಕೆ ಹಾಕಿ. ನಿಮ್ಮ ಹೆಸರು ಪಟ್ಟಿಯಲ್ಲಿದೆ."

"ಯಾವ ಪಟ್ಟಿ ಮಗನೇ?"

ಸಿಪಾಯಿ ಪಾಪ ನಾಚಿಕೊಂಡೇ ಹೇಳಿದ, "ಆ ಪಟ್ಟಿ."

ದುಖೈಲನಿಗೆ ಮೊದಲು ನಗು ಬಂತಂತೆ. ಆ ಪಟ್ಟಿಗೆ ಕಾಫಿ ಬಗ್ಗಿಸಿದವನೇ ನಾನು ಕಣಪ್ಪ ಅಂತ ಹೇಳಿದನಂತೆ. ಸಿಪಾಯಿ ನಗಲಿಲ್ಲ. ನಿಮ್ಮ ಹೆಸರು ಬರೆದವರು ನಿಮ್ಮವರೇ, ತೆಗೆಯಬೇಕಾದವರೂ ಅವರೇ ಅಂದ. ತಿರುಗಿ ಬಂದು ನಮ್ಮವರನ್ನು ಕೇಳಿದರೆ, ನಾವು ಕಳಿಸಿದ್ದು ಬರೀ ಮಾಹಿತಿ, ತಡೆದವರು ಅವರು, ಅವರನ್ನೇ ಕೇಳಿ ಅಂದರು. ಇಲಾಖೆಗೆ ಹೋದರೆ ಜಂಟಿ ಸಮಿತಿ ಅಂದರು. ಸಮಿತಿಯ ಕಚೇರಿಗೆ ಹೋದರೆ ಸಮಿತಿ ಕೂರೋದು ಮೂರು ತಿಂಗಳಿಗೊಮ್ಮೆ, ಅರ್ಜಿ ಕೊಟ್ಟು ಹೋಗಿ ಅಂದರು. ಅರ್ಜಿಗೆ ಫೋಟೋ ಬೇಕು. ಫೋಟೋದ ಹಿಂದಿನ ಗೋಡೆ ನೀಲಿ ಇರಬೇಕಂತೆ, ಇವನದು ಬಿಳಿ. ಅಯ್ಯೋ ನಿಮ್ಮ ಮನೆ ಹಾಳಾಗ, ಅಲ್ಲೊಬ್ಬಳು ಸಾಯ್ತಿದ್ದಾಳೆ, ನಿಮಗೆ ಗೋಡೆಯ ಬಣ್ಣ!

ದಿನಕ್ಕೆರಡು ಸಲ ಫವಾಜ್ ಫೋನಿನಲ್ಲಿ ಅಕ್ಕನ ಮುಖ ತೋರಿಸುತ್ತಿದ್ದ. ಮುಖ ಅರಿಶಿನ ಬಳಿದ ಹಾಗೆ ಹಳದಿ. ಆದರೂ ಬಾಯಿಗೇನೂ ಆಗಿರಲಿಲ್ಲ.

"ಏನೋ, ದೊಡ್ಡ ಮನುಷ್ಯ ಆಗಿದೀಯಂತೆ? ಆರು ದೇಶಕ್ಕೆ ನಿನ್ನ ಕಂಡ್ರೆ ಭಯವಂತೆ?"

"ಅಕ್ಕ, ಬರ್ತೀನಿ. ಈ ವಾರ ಬಂದೇ ಬರ್ತೀನಿ."

"ಕತ್ತಲಾದ್ರೆ ಡೇರೆ ಹೊರಗೆ ಉಚ್ಚೆ ಹೊಯ್ಯೋಕೆ ನನ್ನ ಕೈ ಹಿಡ್ಕೊಂಡು ಹೋಗ್ತಿದ್ದವನು ನೀನು. ನಿನಗೆ ಹೆದರ್ತಾರಾ ಅವರು? ಬೇಗ ಬಾರೋ. ನಿನ್ನ ಕೈ ಹಿಡ್ಕೊಂಡು ಮಲಗಬೇಕು ಅನ್ಸುತ್ತೆ ನಂಗೆ." ಅಷ್ಟು ಹೇಳುವುದರಲ್ಲಿ ಅವಳಿಗೆ ಉಸಿರು ಕಟ್ಟುತ್ತಿತ್ತು. ದುಖೈಲ್ ಫೋನಿಟ್ಟು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ.

ಹೆಸ್ಸಾಳೇ ದಾರಿ ಹೇಳಿದಳು. "ನೀವು ಇಪ್ಪತ್ತೊಂಬತ್ತು ವರ್ಷ ಅವರಿಗೆಲ್ಲ ಕಾಫಿ ಕುಡಿಸಿದ್ರಿ. ಈಗ ನೀವು ಹೋಗಿ ಕುಡೀಬೇಡಿ."

ಅವಳು ಹೇಳಿದ್ದು ದುಖೈಲನಿಗೆ ತಕ್ಷಣ ಅರ್ಥವಾಯಿತು. ಅಬೂ ತಲಾಲರ ಮನೆಯ ದಿವಾನಿಯಾ, ಗಂಡಸರು ಬಂದು ಕೂರುವ ಹಜಾರ, ಸೋಮವಾರ ಸಂಜೆ ಯಾರಿಗೆ ಬೇಕಾದರೂ ತೆರೆದಿರುತ್ತದೆ. ಅಲ್ಲಿಗೆ ಹೋದ. ಗೋಡೆಗುಂಟ ನಲವತ್ತು ಜನ ಕೂತಿದ್ದರು. ಆ ಮನೆಯ ಕಾಫಿಯವನು ಬಂದು ಬಟ್ಟಲು ಕೊಟ್ಟ. ದುಖೈಲ್ ತೆಗೆದುಕೊಂಡ, ಬಾಯಿಗೆ ತರದೆ ತನ್ನ ಮುಂದೆ ನೆಲದ ಮೇಲಿಟ್ಟ.

ಹಜಾರದಲ್ಲಿದ್ದವರೆಲ್ಲ ಆ ಬಟ್ಟಲಿನ ಕಡೆ ತಿರುಗಿದರು. ಕಾಫಿ ಕೆಳಗಿಟ್ಟವನಿಗೆ ಏನೋ ಬೇಕಾಗಿದೆ. ಅದು ಸಿಗುವ ತನಕ ಅವನು ಕುಡಿಯುವುದಿಲ್ಲ. ಅತಿಥಿಯ ಕಾಫಿ ಆರುವ ತನಕ ಸುಮ್ಮನಿದ್ದ ಯಜಮಾನ ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಈ ಕಾಲದಲ್ಲಿ ಹೀಗೆ ಮಾಡುವವರು ಅಪರೂಪ, ಹಾಗಂತ ಮರೆತವರು ಯಾರೂ ಇಲ್ಲ.

ಅಬೂ ತಲಾಲರ ಕೈಯಲ್ಲಿ ಜಪಮಣಿ ನಿಂತಿತು. ಮುಖದಲ್ಲಿ ನಗು ಹಾಗೇ ಇತ್ತು. "ಕಾಫಿ ಕುಡಿಯಪ್ಪ ಅಬೂ ನಾಯಿಫ್. ನೀನು ಬಂದ ಕೆಲಸ ಆಯ್ತು ಅಂತಲೇ ತಿಳ್ಕೋ."

"ಕೆಲಸ ಏನು ಅಂತ ಕೇಳಿ ಆಮೇಲೆ ಹೇಳಿ, ಸ್ವಾಮಿ."

ಹೇಳಿದ. ಡೇರೆ, ಅತಿಥಿ, ಠಾಣೆ, ಪಟ್ಟಿ, ಅಕ್ಕ. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ಕೂತವರಲ್ಲಿ ಒಬ್ಬ ಮುದುಕ ಕಣ್ಣೊರೆಸಿಕೊಂಡ.

"ಇಷ್ಟೇನಾ?" ಅಂದರು ಅಬೂ ತಲಾಲ್. ಆಣೆ ಇಡುವವರ ಹಾಗೆ ಕೈಯನ್ನು ಗಡ್ಡದ ಮೇಲೆಳೆದುಕೊಂಡರು. "ಇದು ನನ್ನ ಗಡ್ಡದ ಮೇಲೆ. ಗುರುವಾರದ ಹೊತ್ತಿಗೆ ನಿನ್ನ ಹೆಸರು ಅಲ್ಲಿರಲ್ಲ. ನಾಳಿದ್ದೇ ಬಟ್ಟೆ ಕಟ್ಟಿಟ್ಕೋ. ಕುಡಿ ಮತ್ತೆ, ಆರಿಹೋಗುತ್ತೆ."

ದುಖೈಲ್ ಬಟ್ಟಲೆತ್ತಿ ಒಂದೇ ಗುಟುಕಿಗೆ ಕುಡಿದ. ಅಲ್ಲಾಡಿಸಿ ಕೊಟ್ಟ. ಹಜಾರದ ತುಂಬ ಭೇಷ್, ಭೇಷ್ ಅಂದರು. ಆ ಭೇಷೆಲ್ಲ ಯಾರಿಗೆ ಅಂತೀರಿ? ಕೇಳಿದವನಿಗಲ್ಲ, ಕೊಟ್ಟವರಿಗೆ. ಏನೂ ಕೊಡುವ ಮುಂಚೆಯೇ.

ಗುರುವಾರ ಗಡಿಗೆ ಹೋದ. ಅದೇ ಸಿಪಾಯಿ, ಅದೇ ಪರದೆ. "ಇನ್ನೂ ಇದೆ ಚಿಕ್ಕಪ್ಪ." ಪರದೆಗೆ ಬರೋಕೆ ಒಂದೆರಡು ದಿನ ಬೇಕಾಗಬಹುದು ಅಂದುಕೊಂಡು ವಾಪಸು ಬಂದ. ಶನಿವಾರ ಹೋದ. ಇದೆ. ಸೋಮವಾರ ಹೋದ. ಇದೆ.

"ಹೋಗಿ ಕೇಳ್ರೀ ಆ ಗಡ್ಡದವನನ್ನ" ಅಂದಳು ಹೆಸ್ಸಾ.

"ಹೇಗೆ ಕೇಳ್ಲಿ? ಕಾಫಿ ಕುಡಿದಾಗಿದೆ."

ಇದೇ ನೋಡಿ, ಇವನು ಸಿಕ್ಕಿಬಿದ್ದ ಜಾಗ. ಕುಡಿದ ಮೇಲೆ ಮತ್ತೆ ಹೋಗಿ ಕೇಳಿದರೆ 'ನಿನ್ನ ಮಾತು ಸುಳ್ಳು' ಅಂತ ನಲವತ್ತು ಜನರ ಮುಂದೆ ಹೇಳಿದ ಹಾಗೆ. ಅದು ಅವರಿಗೆಷ್ಟು ಅವಮಾನವೋ ಕೇಳಿದವನಿಗೂ ಅಷ್ಟೇ. ಕೇಳದೆ ಕಾಯಬೇಕು. ಅಷ್ಟೇ ಅಲ್ಲ, ಒಬ್ಬರು ಗಡ್ಡ ಮುಟ್ಟಿ ಕೊಟ್ಟ ಮೇಲೆ ಇನ್ನೊಬ್ಬರ ಬಾಗಿಲು ತಟ್ಟುವಂತಿಲ್ಲ.

ತಟ್ಟುವ ಬಾಗಿಲು ಇರಲಿಲ್ಲ ಅಂತಲ್ಲ. ಹೆಸ್ಸಾಳ ಸೋದರತ್ತೆಯ ಅಳಿಯ ಒಬ್ಬ ಸಮಿತಿಯ ಕಚೇರಿಯಲ್ಲೇ ಗುಮಾಸ್ತ. ನಾಯಿಫ್ ಹೋಗಿ ಮಾತಾಡಿಕೊಂಡು ಬಂದ. "ಅಪ್ಪ, ಆ ಮನುಷ್ಯ ಹೇಳ್ತಾನೆ, ಠಾಣೇಲಿ ನೀವೇ ಬಂದು ಹೇಳಿದ್ದು ಅನ್ನೋ ಕಾಗದದ ನಕಲು ತಂದ್ರೆ ತನ್ನ ಮೇಲಿನವರ ಹತ್ರ ಇಟ್ಟು ಎರಡು ದಿನದಲ್ಲಿ ಮೂರು ದಿನದ ಪರವಾನಗಿನಾದ್ರೂ ಕೊಡಿಸ್ತಾನಂತೆ. ಒಂದು ರುಜು ಹಾಕಿ."

"ಅಬೂ ತಲಾಲ್ ಕೊಟ್ಟ ಮಾತು ಏನಾಯ್ತು?"

"ಅವರ ಮಾತಿಗೆ ಬೆಂಕಿ ಬೀಳ್ಲಿ! ಅತ್ತೆ ಸಾಯ್ತಿದಾಳೆ ಅಪ್ಪ!"

"ನಲವತ್ತು ಜನರ ಮುಂದೆ ಗಡ್ಡ ಮುಟ್ಟಿದಾರೆ ಕಣೋ. ಅವರ ಬೆನ್ನ ಹಿಂದೆ ಗುಮಾಸ್ತನ ಕಾಲು ಹಿಡಿದ್ರೆ, ನಾಳೆ ಅವರ ಹೆಸರು ಏನಾಗುತ್ತೆ?"

ಅವರ ಹೆಸರು! ಅವರ ಹೆಸರಿನ ಚಿಂತೆ ಇವನಿಗೆ! ಕೇಳಿದರೆ ಈಗಲೂ ನಮಗೆ ಮೈ ಉರಿಯುತ್ತದೆ. ಬೈಯಬೇಕೆನಿಸುತ್ತದೆ. ಆದರೆ ಬೈಯುವುದು ಯಾರನ್ನ? ಮಾತು ಅಂದರೆ ಮಾತು ಅಂತ ನಂಬಿದವನನ್ನೇ? ರುಜು ಹಾಕಲಿಲ್ಲ ದುಖೈಲ್. ಹೆಸ್ಸಾ ಎರಡು ದಿನ ಅವನಿಗೆ ಊಟ ಬಡಿಸಿದಳು, ಮಾತಾಡಲಿಲ್ಲ.

ಒಂಬತ್ತನೇ ದಿನ, ಬುಧವಾರ ಮಧ್ಯಾಹ್ನ, ಗಡಿ ಠಾಣೆಯ ಲಾರಿ ಸಾಲಿನ ಪಕ್ಕ ಗಾಡಿ ನಿಲ್ಲಿಸಿಕೊಂಡು ಕೂತಿದ್ದಾಗ ಫವಾಜನ ಫೋನು ಬಂತು. ಮಾತಿಲ್ಲ, ಬರೀ ಅಳು. ದುಖೈಲ್ ಗಾಡಿಯಿಂದಿಳಿದು ಸಿಪಾಯಿಯ ಕಿಟಕಿಗೆ ಹೋದ.

"ತೀರಿಕೊಂಡ್ಳು. ಮಣ್ಣಿಗಾದ್ರೂ ಬಿಡ್ತೀರೇನಪ್ಪ?"

ಸಿಪಾಯಿ ಒಳಗೆ ಓಡಿದ, ಮೇಲಿನವರಿಗೆ ಫೋನು ಮಾಡಿದ, ಅವರು ಇನ್ನೂ ಮೇಲಿನವರಿಗೆ ಮಾಡಿದರು. ನಮ್ಮಲ್ಲಿ ಹೆಣ ಇಟ್ಟುಕೊಂಡು ಕಾಯುವುದಿಲ್ಲ, ಅವತ್ತೇ ಮಣ್ಣು. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿ ಹಫರಿನಲ್ಲಿ ಅಕ್ಕನನ್ನು ಎತ್ತಿದರು. ಇಲ್ಲಿ ಸಿಪಾಯಿ ಈಚೆ ಬಂದು, ಇಲ್ಲ ಅಂತ ತಲೆ ಅಲ್ಲಾಡಿಸಿದ. ಡಾಂಬರಿನ ಮೇಲೆ ಲಾರಿಗಳ ನಡುವೆ ದುಖೈಲ್ ಒಬ್ಬನೇ ನಿಂತು, ಎದುರಿಗಿಲ್ಲದ ಹೆಣಕ್ಕೆ ಕೈ ಎತ್ತಿ ಪ್ರಾರ್ಥನೆ ಮಾಡಿದ. ಸ್ವಲ್ಪ ಹೊತ್ತಿಗೆ ಬಲಗಡೆ ಯಾರೋ ನಿಂತ ಹಾಗಾಯಿತು. ನೋಡಿದರೆ ಅದೇ ಸಿಪಾಯಿ, ಟೋಪಿ ತೆಗೆದಿಟ್ಟು ಬಂದಿದ್ದ. ಇಬ್ಬರು ಲಾರಿ ಚಾಲಕರೂ ಬಂದು ಸೇರಿಕೊಂಡರು.

ಸೂತಕದ ಮೂರು ದಿನ ಊರೆಲ್ಲ ಬಂದು ಹೋಯಿತು. ಅಬೂ ತಲಾಲ್ ಬರಲಿಲ್ಲ. ಒಂದು ಪೆಟ್ಟಿಗೆ ಖರ್ಜೂರ ಕಳಿಸಿದ್ದರು. ಹೆಸ್ಸಾ ಅದನ್ನು ಬಿಚ್ಚದೆ ತಂದವನ ಕೈಗೇ ತಿರುಗಿ ಕೊಟ್ಟಳು.

ನಾಲ್ಕನೇ ದಿನ ಕೆಲಸಕ್ಕೆ ಹೋದಾಗ ಸಲಾಹ್ ಅವನನ್ನು ಮೂಲೆಗೆ ಕರೆದ. ಅವನಿಗೆ ಅಬೂ ತಲಾಲರ ಕಚೇರಿಯ ಚಹಾದವನ ಸ್ನೇಹ. ಆ ದಿನ ಅವನ ಬಾಯಲ್ಲಿ ತಮಾಷೆ ಇರಲಿಲ್ಲ. "ಅಬೂ ನಾಯಿಫ್, ಹೇಳ್ಲೋ ಬೇಡ್ವೋ ಅಂತ ಯೋಚ್ನೆ ಮಾಡ್ದೆ. ನಿಮ್ಮ ಹೆಸರಲ್ಲಿ ಆ ಕಚೇರಿಯಿಂದ ಒಂದು ಕಾಗದಾನೂ ಹೋಗಿಲ್ಲ. ಯಾರಿಗೂ ಒಂದು ಮಾತೂ ಹೇಳಿಲ್ಲ. ನೀವು ಕಾಫಿ ಕುಡಿದ ಮಾರನೇ ದಿನ ಕಾರ್ಯದರ್ಶಿ ನೆನಪು ಮಾಡಿದ್ನಂತೆ. ಅದಕ್ಕೆ ಅಬೂ ತಲಾಲ್, 'ಸಭೆ ಹತ್ರ ಬಂತು, ಈಗ ಪಟ್ಟಿಯಿಂದ ನಮ್ಮವರನ್ನೇ ತೆಗೆದ್ರೆ ಪಕ್ಕದವರು ಏನಂದ್ಕೊಳ್ತಾರೆ, ಆಮೇಲೆ ನೋಡೋಣ' ಅಂದ್ರಂತೆ."

"ಆಮೇಲೆ?"

"ಅಷ್ಟೇ."

ಮರೆತಿದ್ದರೆ ಕ್ಷಮಿಸಬಹುದಿತ್ತು. ಮನುಷ್ಯ ಮರೆಯುತ್ತಾನೆ. ಇದು ಮರೆವಲ್ಲ. ಗಡ್ಡ ಮುಟ್ಟುವಾಗಲೇ ಕೈಗೆ ಗೊತ್ತಿತ್ತು.

ಸಭೆ ನವೆಂಬರಿನ ಕೊನೆಗೆ ಬಂತು. ಒಪ್ಪಂದಕ್ಕೆ ವರ್ಷ ತುಂಬುತ್ತಿದೆ, ಎಷ್ಟು ಹೆಸರು ಹಂಚಿಕೊಂಡೆವು, ಎಷ್ಟು ಬಾಗಿಲು ಮುಚ್ಚಿದೆವು ಅಂತ ಲೆಕ್ಕ ಒಪ್ಪಿಸುವ ಸಭೆ. ಆರು ಬಾವುಟ, ಆರು ಮಂತ್ರಿಗಳು, ಆತಿಥೇಯರ ಜಾಗದಲ್ಲಿ ನಮ್ಮ ಮಂತ್ರಿಗಳ ಪಕ್ಕಕ್ಕೇ ಅಬೂ ತಲಾಲ್. ದುಖೈಲನ ಹೆಸರು ಒಳಗೆ ಬಿಡುವ ಪಟ್ಟಿಯಲ್ಲಿ ಎಂದಿನ ಹಾಗೆ ಮೊದಲನೆಯದು. ಎರಡು ತಪಾಸಣೆ ಆಯಿತು, ಫೋನು ಬೀರುವಿಗೆ ಹೋಯಿತು, ನಾಯಿ ಮೂಸಿತು.

ಬಲಗಡೆಯಿಂದ ಶುರುಮಾಡಿದ. ಮೊದಲನೇ ಮಂತ್ರಿ, ಎರಡನೇ ಮಂತ್ರಿ, ಅವರ ಅಧಿಕಾರಿಗಳು. ನಮ್ಮ ಮಂತ್ರಿಗಳಿಗೆ ಕೊಟ್ಟ. ಅಬೂ ತಲಾಲ್ ಮಾತಾಡುತ್ತಲೇ ಅಭ್ಯಾಸದಂತೆ ಕೈ ಚಾಚಿದರು. ದುಖೈಲ್ ಆ ಕೈಯನ್ನು ದಾಟಿ ಮುಂದಿನವರಿಗೆ ಬಗ್ಗಿಸಿದ. ಅವರ ಮುಂದಿನವರಿಗೂ ಬಗ್ಗಿಸಿದ.

ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಆ ಕೋಣೆಯಲ್ಲಿ ಕೂತವರೆಲ್ಲ ನಮ್ಮ ಮರಳಿನ ಮಕ್ಕಳೇ. ಕೂತವನನ್ನು ಬಿಟ್ಟು ಬಟ್ಟಲು ಮುಂದೆ ಹೋಗುವುದು ಏನು ಅಂತ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಂಥ ಅವಮಾನಕ್ಕೆ ಹಿಂದೆ ಕತ್ತಿ ಹಿರಿಯುತ್ತಿದ್ದರು.

ಅಬೂ ತಲಾಲ್ ನಕ್ಕರು. "ಅಬೂ ನಾಯಿಫ್, ನನ್ನ ಬಟ್ಟಲು ಮರೆತ್ಯಲ್ಲೋ?"

"ಮರೆತಿಲ್ಲ ಸ್ವಾಮಿ." ದುಖೈಲನ ದನಿ ಏರಲಿಲ್ಲ. "ನಿಮ್ಮ ಮನೇಲಿ ನಾನು ಕಾಫಿ ಕೆಳಗಿಟ್ಟೆ. ಗಡ್ಡ ಮುಟ್ಟಿ ನೀವು ಕುಡಿಸಿದ್ರಿ. ಒಂಬತ್ತು ದಿನ ಕಾದೆ. ನನ್ನ ಅಕ್ಕನ್ನ ಮಣ್ಣು ಮಾಡಿದಾಗ ನಾನು ಲಾರಿಗಳ ಮಧ್ಯೆ ನಿಂತಿದ್ದೆ. ಆ ಪಟ್ಟಿ ಬೇಕು, ಬೇಡ ಅಂತ ನಾನು ಹೇಳಲ್ಲ. ಸುಳ್ಳು ಗಡ್ಡಕ್ಕೆ ಮಾತ್ರ ನನ್ನ ಹೂಜೀಲಿ ಕಾಫಿ ಇಲ್ಲ."

ಆರು ದೇಶದವರೂ ತಮ್ಮ ತಮ್ಮ ಬಟ್ಟಲಿನಲ್ಲಿ ಕಣ್ಣು ನೆಟ್ಟುಕೊಂಡರು. ಒಬ್ಬರಾದರೂ 'ಏನಿದು ವಿಷಯ' ಅಂತ ಕೇಳಬಾರದಿತ್ತೇ? ಒಬ್ಬರು ಕೆಮ್ಮಿದರು, ಒಬ್ಬರು ಕಡತ ತಿರುಗಿಸಿದರು. ದುಖೈಲ್ ಉಳಿದ ಸಾಲು ಮುಗಿಸಿದ, ಬಟ್ಟಲುಗಳನ್ನು ಒಟ್ಟುಮಾಡಿಕೊಂಡ, ಆಚೆ ಬಂದ. ಯಾರೂ ತಡೆಯಲಿಲ್ಲ. ಸಲಾಹ್ ಒಬ್ಬ ಬಾಗಿಲಲ್ಲಿ ನಿಂತು ಅವನ ಹೆಗಲಿಗೆ ಮುತ್ತಿಟ್ಟ.

ತನ್ನ ಹೂಜಿಯನ್ನು ಗಾಡಿಯಲ್ಲಿಟ್ಟ ಮೇಲೆ ಫೋನು ಒಳಗೇ ಬೀರುವಿನಲ್ಲಿ ಉಳಿದದ್ದು ನೆನಪಾಯಿತು. ಅಕ್ಕ ಮಾತಾಡಿದ್ದನ್ನೆಲ್ಲ ಅದರಲ್ಲೇ ಉಳಿಸಿಟ್ಟುಕೊಂಡಿದ್ದ. ತಿರುಗಿ ನೌಕರರ ಬಾಗಿಲಿಗೆ ಬಂದು ಗುರುತಿನ ಚೀಟಿಯನ್ನು ಯಂತ್ರಕ್ಕೆ ಒತ್ತಿದ. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದ. ಕಾವಲಿನವನು ಪರದೆ ನೋಡಿ ತಲೆ ಕೆರೆದುಕೊಂಡ. ಹತ್ತು ವರ್ಷದಿಂದ ದಿನಾ ಸಲಾಂ ಹೇಳುತ್ತಿದ್ದವನು.

"ಚಿಕ್ಕಪ್ಪ, ನಿಮ್ಮ ಹೆಸರು ಇಲ್ಲಿಲ್ಲ. ತೆಗೆದಿದಾರೆ."

"ಈಗ ತಾನೇ ಇದೇ ಬಾಗಿಲಿಂದ ಆಚೆ ಹೋದ್ನಲ್ಲಯ್ಯ. ಐದು ನಿಮಿಷ ಆಗಿಲ್ಲ."

"ಹೌದು ಚಿಕ್ಕಪ್ಪ."

"ಸಮಿತಿ ಕೂತಿತ್ತಾ? ಅರ್ಜಿ ಕೊಟ್ರಾ? ಫೋಟೋ ಕೇಳಿದ್ರಾ? ಐದು ನಿಮಿಷದಲ್ಲಿ ಹೆಸರು ತೆಗೆಯೋಕೆ ಏನು ಮಾಡ್ಬೇಕಾಯ್ತು, ಹೇಳಪ್ಪ ನಂಗೆ."

ಕಾವಲಿನವನಿಗೆ ಅವನು ಯಾಕೆ ಹೀಗೆ ಕೇಳುತ್ತಿದ್ದಾನೆ ಅಂತ ತಿಳಿಯಲಿಲ್ಲ. ಇದ್ದದ್ದನ್ನೇ ಹೇಳಿದ.

"ಏನೂ ಇಲ್ಲ ಚಿಕ್ಕಪ್ಪ. ಅಬೂ ತಲಾಲ್ ಅವರು ಮೇಲಿಂದ ಒಂದು ಫೋನು ಮಾಡಿದ್ರು, ಅಷ್ಟೇ."